ಮೊದಲು ಕುದುರೆ, ಆಮೇಲೆ ಮರ

ಬಾಸ್ ಗಿಟಾರ್ ಮಾಡಿಸಬೇಕೆಂದು ಹೊರಟವರು ಮೊದಲು ಹೋಗುವುದು ಸಾಮಿಲ್ಲಿಗೆ. ಹಳೇ ಮನೆ ಕೆಡವಿದಾಗ ಬಂದ ಸಾಗುವಾನಿ ತೊಲೆ ಸಿಕ್ಕಿಬಿಟ್ಟರಂತೂ ಅರ್ಧ ವಾದ್ಯವೇ ಕೈಗೆ ಬಂದಷ್ಟು ಹಿಗ್ಗು. ಆಮೇಲೆ ಆಕಾರ, ಆಮೇಲೆ ಬಣ್ಣ, ಆಮೇಲೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್. ಬಡಿಗರು ಬಾಡಿ ಕೊರೆದು, ನೆಕ್ (ವಾದ್ಯದ ಉದ್ದ ಕತ್ತು) ಕೂರುವ ಗೂಡು ತೋಡಿ, ಬಣ್ಣ ಹೊಡೆದು ಒಣಗಲು ಇಟ್ಟ ಮೇಲೆ ಪ್ರಶ್ನೆ ಬರುತ್ತದೆ: ಬ್ರಿಜ್ ಯಾವುದು ಹಾಕೋಣ? ಬ್ರಿಜ್ ಅಂದರೆ ತಂತಿಗಳನ್ನು ಬಾಡಿಯ ಮೇಲೆ ಹೊತ್ತು ನಿಲ್ಲುವ ಲೋಹದ ಭಾಗ.

ಆ ಹೊತ್ತಿಗೆ ಉತ್ತರ ಕೊಡಲು ಉಳಿದಿರುವುದು ಬಹಳ ಕಡಿಮೆ. ತಂತಿಗಳ ನಡುವಿನ ಅಂತರ, ನೆಕ್ಕಿನ ಅಗಲ, ಗೂಡಿನ ಆಳ, ಪಿಕಪ್ಪಿನ ಉದ್ದ, ಎಲ್ಲವೂ ಬ್ರಿಜ್ಜಿನಿಂದ ಹುಟ್ಟುವ ಅಳತೆಗಳು. ಅವನ್ನೆಲ್ಲ ಮರದಲ್ಲಿ ಕೆತ್ತಿ ಮುಗಿಸಿದ ಮೇಲೆ, ಆ ಕೆತ್ತನೆಗೆ ಹೊಂದುವ ಬ್ರಿಜ್ ಹುಡುಕಬೇಕಾಗುತ್ತದೆ. ಹುಡುಕಿದ್ದು ಸಿಗದಿದ್ದರೆ ಗೂಡಿಗೆ ಚಕ್ಕೆ ಇಡುವುದು, ಬಾಡಿಯ ಮೇಲೆ ಹಳ್ಳ ತೋಡುವುದು, ತಂತಿ ನೆಕ್ಕಿನ ಅಂಚಿನಿಂದ ಜಾರುವುದನ್ನು ಸಹಿಸಿಕೊಳ್ಳುವುದು. ಹಾಗಾಗಿ ಈ ಬರಹ ಹೇಳುವುದು ಒಂದೇ ಮಾತು: ಬ್ರಿಜ್ ಕೈಗೆ ಬಂದು, ವರ್ನಿಯರ್‌ನಲ್ಲಿ ಅಳೆದು, ಅಳತೆ ಕಾಗದದ ಮೇಲೆ ಬರೆಯುವ ತನಕ ಮರಕ್ಕೆ ಗರಗಸ ತಾಗಿಸಬೇಡಿ.

ನಮ್ಮ ವಾದ್ಯಗಳಲ್ಲಿ ಈ ಭಾಗಕ್ಕೆ ಚೆಂದದ ಹೆಸರಿದೆ, ಕುದುರೆ. ತಂತಿಯನ್ನು ಬೆನ್ನ ಮೇಲೆ ಹೊತ್ತು ನಿಲ್ಲುವುದಕ್ಕೆ ಆ ಹೆಸರು. ಮಾನ್ವಿ, ಚೀಕಲಪರವಿಯ ದಾಸರ ಸೀಮೆಯಲ್ಲಿ ತಂಬೂರಿಯ ಕುದುರೆ ಕಂಡವರಿಗೆ ಗೊತ್ತು, ಅದರ ಬೆನ್ನು ಅಗಲ, ಚಪ್ಪಟೆ. ತಂತಿ ಆ ಬೆನ್ನನ್ನು ಸವರಿಕೊಂಡು ಕಂಪಿಸುತ್ತದೆ. ಅದರ ಕೆಳಗೆ ಒಂದೆಳೆ ದಾರ ಸಿಕ್ಕಿಸಿ ಹಿಂದೆ ಮುಂದೆ ಸರಿಸಿದರೆ ಝೇಂಕಾರ ತೆರೆದುಕೊಳ್ಳುತ್ತದೆ. ಬಾಸಿನ ಕುದುರೆಗೆ ಬೇಕಾದದ್ದು ಇದರ ತದ್ವಿರುದ್ಧ. ತಂತಿ ಒಂದೇ ಒಂದು ಗೆರೆಯಿಂದ ಏಳಬೇಕು, ಆ ಗೆರೆಯ ಮುಂದಕ್ಕೆ ಲೋಹ ತಾಗಲೇಬಾರದು. ಬ್ರಿಜ್ಜಿನಲ್ಲಿ ತಂತಿ ಕೂರುವ ಸಣ್ಣ ತುಂಡಿಗೆ ಸ್ಯಾಡಲ್ ಎನ್ನುತ್ತಾರೆ. ಸ್ಯಾಡಲ್‌ನ ತೋಡು ಚಪ್ಪಟೆಯಾಗಿದ್ದರೆ ಅಥವಾ ನೆಕ್ಕಿನ ಕಡೆಗೆ ಇಳಿಜಾರಾಗಿದ್ದರೆ ಬಾಸಿನಲ್ಲೂ ತಂಬೂರಿಯ ಸದ್ದು ಬರುತ್ತದೆ. ತಂಬೂರಿಯಲ್ಲಿ ಅದು ಜೀವ, ಬಾಸಿನಲ್ಲಿ ಅದು ರೋಗ. ಹೊಸ ಬಾಸಿನ ಒಂದೇ ತಂತಿ ಎಲ್ಲ ಫ್ರೆಟ್ಟಿನಲ್ಲೂ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲೂ), ಖಾಲಿ ಮೀಟಿದಾಗಲೂ ಜುಂಯ್ ಎನ್ನುತ್ತಿದ್ದರೆ ಫ್ರೆಟ್ಟನ್ನು ಉಜ್ಜಲು ಹೋಗುವ ಮುಂಚೆ ಆ ತೋಡನ್ನು ನೋಡಿ.

ಈಗ ಅಳತೆಗೆ ಬರೋಣ. ಮಾತು ಪೂರ್ತಿ ಮಿಲಿಮೀಟರ್‌ನಲ್ಲಿ. ನಮ್ಮ ಕಡೆಯ ಬಡಿಗರು ಇಂಚು, ನೂಲು ಎಂದು ಎಣಿಸುತ್ತಾರೆ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಬಾಗಿಲು ಚೌಕಟ್ಟಿಗೆ ಅರ್ಧ ನೂಲಿನ ತಪ್ಪು ತಪ್ಪೇ ಅಲ್ಲ, ರಂದಾ ಹೊಡೆದರೆ ಹೋಯಿತು. ಬ್ರಿಜ್ಜಿನ ಮಧ್ಯರೇಖೆ ಅರ್ಧ ನೂಲು, ಅಂದರೆ 1.6 ಮಿ.ಮೀ. ಪಕ್ಕಕ್ಕೆ ಸರಿದರೆ ಕೊನೆಯ ಫ್ರೆಟ್ಟಿನ ಬಳಿ ತಂತಿಗಳೆಲ್ಲ 1.1 ಮಿ.ಮೀ. ಸರಿದಿರುತ್ತವೆ. ಅಂಚಿನಲ್ಲಿ ಬಿಟ್ಟಿದ್ದ 3 ಮಿ.ಮೀ. ಜಾಗ ಒಂದು ಕಡೆ 2ಕ್ಕಿಂತ ಕಡಿಮೆಯಾಗುತ್ತದೆ. ಮೇಲಿನ ಫ್ರೆಟ್ಟುಗಳಲ್ಲಿ ಬೆರಳು ತುಸು ಎಳೆದರೂ ಅತಿ ಸಣ್ಣದಾದ ಜಿ ತಂತಿ ಹೊರಗೆ ಬೀಳುತ್ತದೆ. ಬಡಿಗರಿಗೆ ಕೆಲಸ ಕೊಡುವಾಗ ಮಿಲಿಮೀಟರ್ ಹಾಳೆಯ ಮೇಲೆ ಪೂರ್ಣ ಗಾತ್ರದ ನಕ್ಷೆಯನ್ನೇ ಕೊಡಬೇಕು. ಬಾಯಲ್ಲಿ ಹೇಳಿದ್ದು ನೂಲಾಗಿ ಬದಲಾಗುತ್ತದೆ, ಅದು ಅವರ ತಪ್ಪಲ್ಲ.

ಮೊದಲ ಅಳತೆ, ತಂತಿಯಿಂದ ತಂತಿಗೆ ಇರುವ ಅಂತರ. ನಾಲ್ಕು ತಂತಿಯ ಬಾಸಿಗೆ ಬಳಕೆಯಲ್ಲಿರುವುದು 19 ಮಿ.ಮೀ., ಅಂದರೆ ಮುಕ್ಕಾಲು ಇಂಚು. ನಾಲ್ಕು ತಂತಿಗೆ ಮೂರು ಸಂದು, ಹಾಗಾಗಿ ಹೊರ ತಂತಿಯಿಂದ ಹೊರ ತಂತಿಗೆ 57. ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ತೋಡಿನ ಪಟ್ಟಿಗೆ ನಟ್ ಎನ್ನುತ್ತಾರೆ, ಅಲ್ಲಿಂದ ಸ್ಯಾಡಲ್ಲಿನವರೆಗಿನ ಉದ್ದಕ್ಕೆ ಸ್ಕೇಲ್. ನಟ್‌ನಲ್ಲಿ ಹೊರ ತಂತಿಗಳ ನಡುವೆ 34 ಇಟ್ಟುಕೊಂಡರೆ, 34 ಇಂಚಿನ ಅಂದರೆ 863.6 ಮಿ.ಮೀ. ಸ್ಕೇಲಿನಲ್ಲಿ 20ನೇ ಫ್ರೆಟ್ಟು ನಟ್‌ನಿಂದ ಸುಮಾರು 592 ಮಿ.ಮೀ. ದೂರ ಬರುತ್ತದೆ. ಅದು ಒಟ್ಟು ಉದ್ದದ ನೂರಕ್ಕೆ 68.5 ಭಾಗ. 57ರಲ್ಲಿ 34 ಕಳೆದರೆ 23, ಅದರ 68.5 ಭಾಗ 15.8. ಅಲ್ಲಿಗೆ 20ನೇ ಫ್ರೆಟ್ಟಿನಲ್ಲಿ ಹೊರ ತಂತಿಗಳ ನಡುವೆ 49.8. ಎರಡೂ ಅಂಚಿಗೆ 3.2ರಂತೆ ಸೇರಿಸಿ, ನೆಕ್ಕಿನ ಮೇಲೆ ಫ್ರೆಟ್ಟು ಕೂರಿಸಿದ ಹಲಗೆಯ, ಅಂದರೆ ಫಿಂಗರ್‌ಬೋರ್ಡಿನ ಅಗಲ 56.2. ಇದೇ ನೆಕ್ಕಿಗೆ 20 ಮಿ.ಮೀ. ಅಂತರದ ಬ್ರಿಜ್ ಹಾಕಿದರೆ ಅಂಚು ಎರಡೂ ಕಡೆ ಒಂದೊಂದು ಮಿ.ಮೀ. ಕರಗುತ್ತದೆ. ಇಷ್ಟು ಗಣಿತ ಮೊದಲೇ ಮಾಡಿಟ್ಟುಕೊಂಡರೆ ನೆಕ್ ಕೊರೆಯುವ ಗೆರೆ ತಾನಾಗಿ ಸಿಗುತ್ತದೆ.

ಐದು ತಂತಿಯಲ್ಲಿ ಆಯ್ಕೆ ಕಷ್ಟ. 16.5ರಿಂದ 19ರವರೆಗೆ ಎಲ್ಲ ಅಂತರದವೂ ಸಿಗುತ್ತವೆ. 24 ಫ್ರೆಟ್ಟಿನ ನೆಕ್ಕಿಗೆ 17.5 ಆರಿಸಿದರೆ ಕೊನೆಯ ಫ್ರೆಟ್ಟಿನಲ್ಲಿ ಅಗಲ ಸುಮಾರು 69, 19 ಆರಿಸಿದರೆ ಸುಮಾರು 73. ಆ ನಾಲ್ಕು ಮಿ.ಮೀ. ಎಡಗೈಗೆ ಚೆನ್ನಾಗಿಯೇ ತಿಳಿಯುತ್ತದೆ. ಹೆಬ್ಬೆರಳಿನಿಂದ ಬಡಿದು ನುಡಿಸುವವರಿಗೆ, ಅಂದರೆ ಸ್ಲ್ಯಾಪ್ ಮಾಡುವವರಿಗೆ, ಬೆರಳು ತಂತಿಗಳ ನಡುವೆ ಇಳಿಯಲು 19 ಬೇಕು. ಜಾತ್ರೆಯ ರಸಮಂಜರಿಯಲ್ಲಿ ನಾಲ್ಕು ತಾಸು ಕೂತು ಎರಡು ಬೆರಳಿನಲ್ಲಿ ನುಡಿಸುವವರಿಗೆ, ಚರ್ಚಿನ ಬ್ಯಾಂಡಿನಲ್ಲಿ ಹಾಡಿನ ಬೆನ್ನಿಗೆ ನಿಲ್ಲುವವರಿಗೆ 17.5 ಅಥವಾ 18 ಸಾಕು, ಕೈ ನೋಯುವುದಿಲ್ಲ. ಈಗಾಗಲೇ ನುಡಿಸುತ್ತಿರುವ ಬಾಸಿನ ಅಂತರ ಅಳೆದು ಅದನ್ನೇ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ಕೈ ಹತ್ತು ವರ್ಷ ಕಲಿತದ್ದನ್ನು ಹೊಸ ವಾದ್ಯಕ್ಕಾಗಿ ಮರೆಸುವುದು ಯಾಕೆ?

ಪಿಕಪ್ಪೂ ಈ ಅಂತರಕ್ಕೆ ಕಟ್ಟುಬಿದ್ದಿದೆ. ತಂತಿಗೊಂದೊಂದು ಅಯಸ್ಕಾಂತದ ಗುಂಡಿ ಇರುವ ಪಿಕಪ್ ಆದರೆ ಗುಂಡಿಗಳು ತಂತಿಯ ಕೆಳಗೇ ಬರಬೇಕು. ತಂತಿಗಳು ಬ್ರಿಜ್ಜಿನ ಕಡೆಗೆ ಅಗಲವಾಗುತ್ತ ಹೋಗುವುದರಿಂದಲೇ ಅಮೆರಿಕದ ಫೆಂಡರ್ ಕಂಪನಿಯ ಜಾಜ್ ಬಾಸ್ ಮಾದರಿಯ ಜೋಡಿಯಲ್ಲಿ ಬ್ರಿಜ್ ಕಡೆಯ ಪಿಕಪ್ ತುಸು ಉದ್ದ. ಉದ್ದಕ್ಕೆ ಒಂದೇ ಪಟ್ಟಿ ಅಯಸ್ಕಾಂತ ಇರುವ ಪಿಕಪ್ ಆರಿಸಿದರೆ ಈ ತಲೆನೋವಿಲ್ಲ.

ಎರಡನೆಯದು ಎತ್ತರ. ಹೆಚ್ಚಿನ ಬಾಸುಗಳು ಕೆಡುವುದು ಇಲ್ಲಿಯೇ, ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ. ಬೋಲ್ಟ್ ಹಾಕುವ ನೆಕ್ಕಿನ ಹಿಮ್ಮಡಿ, ಅಂದರೆ ಗೂಡಿನಲ್ಲಿ ಕೂರುವ ತುದಿ, ಫಿಂಗರ್‌ಬೋರ್ಡ್ ಸೇರಿ 25.4 ಮಿ.ಮೀ. ದಪ್ಪ ಎಂದುಕೊಳ್ಳಿ. ಬಾಡಿಯಲ್ಲಿ ಗೂಡಿನ ಆಳ 16. ಬಾಡಿಯ ಮೇಲ್ಮೈಯಿಂದ ಫಿಂಗರ್‌ಬೋರ್ಡ್ 9.4 ಎತ್ತರದಲ್ಲಿ ನಿಲ್ಲುತ್ತದೆ. ಫ್ರೆಟ್ಟಿನ ಎತ್ತರ 1.1 ಸೇರಿಸಿದರೆ 10.5. 12ನೇ ಫ್ರೆಟ್ಟಿನ ಮೇಲೆ ತಂತಿ 2.2 ಎತ್ತರ ಇರಬೇಕು, ನಟ್‌ನ ಬಳಿ ಅರ್ಧ ಮಿ.ಮೀ. 12ನೇ ಫ್ರೆಟ್ಟು ನಟ್ಟಿಗೂ ಸ್ಯಾಡಲ್ಲಿಗೂ ನಟ್ಟನಡುವೆ ಇರುವುದರಿಂದ, ಸ್ಯಾಡಲ್ಲಿನ ಬಳಿ ತಂತಿ ಫ್ರೆಟ್ಟುಗಳ ಮಟ್ಟಕ್ಕಿಂತ 2.2ರ ಎರಡರಷ್ಟರಲ್ಲಿ ಅರ್ಧ ಮಿ.ಮೀ. ಕಳೆದಷ್ಟು, ಅಂದರೆ 3.9 ಮೇಲಿರುತ್ತದೆ. 10.5ಕ್ಕೆ 3.9 ಕೂಡಿಸಿ: 14.4 ಮಿ.ಮೀ. ನಿಮ್ಮ ಬ್ರಿಜ್ಜಿನ ಸ್ಯಾಡಲ್ ಬಾಡಿಯಿಂದ ಇಷ್ಟು ಎತ್ತರದಲ್ಲಿ ನೆಮ್ಮದಿಯಾಗಿ ನಿಲ್ಲಬೇಕು.

ನೆಮ್ಮದಿಯಾಗಿ ಎಂದದ್ದು ಬೇಕೆಂದೇ. ಬ್ರಿಜ್ಜಿನ ಸ್ಯಾಡಲ್ 10ರಿಂದ 15ರವರೆಗೆ ಏಳುತ್ತದೆ ಎಂದಿದ್ದರೆ 14.4 ಅದರ ವ್ಯಾಪ್ತಿಯೊಳಗೇ ಇದೆ ನಿಜ. ಆದರೆ ಅಷ್ಟೆತ್ತರದಲ್ಲಿ ಸ್ಯಾಡಲ್ಲನ್ನು ಎತ್ತಿ ಹಿಡಿಯುವ ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂಗಳು ಅದರೊಳಗೆ ಎರಡು ಮೂರು ಸುತ್ತಿನ ಹಿಡಿತದಲ್ಲಷ್ಟೇ ಇರುತ್ತವೆ. ಉದ್ದ ಕಾಲಿನ ಮಂಚದಂತೆ ಸ್ಯಾಡಲ್ ಅಲ್ಲಾಡುತ್ತದೆ, ಬಿರುಸಾಗಿ ಮೀಟಿದಾಗ ವಾಲುತ್ತದೆ. ಅದೇ ಗೂಡನ್ನು 17.5 ಆಳ ಮಾಡಿದ್ದರೆ ಬೇಕಾದ ಎತ್ತರ 12.9ಕ್ಕೆ ಇಳಿದು ಸ್ಯಾಡಲ್ ನಡುಮಟ್ಟದಲ್ಲಿ ಕೂರುತ್ತಿತ್ತು. ಇನ್ನೊಂದು ತುದಿಯ ತಪ್ಪು ಇದಕ್ಕಿಂತ ಕೆಟ್ಟದ್ದು. ದಪ್ಪ ತಳದ ಭಾರದ ಬ್ರಿಜ್ಜುಗಳಲ್ಲಿ ಸ್ಯಾಡಲ್ಲನ್ನು ಪೂರ್ತಿ ಇಳಿಸಿದರೂ ತಂತಿ 14 ಅಥವಾ 15ಕ್ಕಿಂತ ಕೆಳಗೆ ಬರದಿರಬಹುದು. ಆಗ ನೆಕ್ಕಿನ ಗೂಡಿನಲ್ಲಿ ಬ್ರಿಜ್ಜಿನ ಕಡೆಯ ಅಂಚಿಗೆ ಚಕ್ಕೆ ಇಡಬೇಕು. 80 ಮಿ.ಮೀ. ಉದ್ದದ ಗೂಡಿನ ಆ ತುದಿಯಲ್ಲಿ ಅರ್ಧ ಮಿ.ಮೀ. ದಪ್ಪದ ಚಕ್ಕೆ ಇಟ್ಟರೆ ನೆಕ್ ಅಷ್ಟು ವಾಲಿ, ಸ್ಯಾಡಲ್ಲಿನ ಬಳಿ ಸುಮಾರು 2 ಮಿ.ಮೀ. ಜಾಗ ಸಿಗುತ್ತದೆ. ಚಕ್ಕೆ ಗೂಡಿನ ಪೂರ್ತಿ ಉದ್ದಕ್ಕೂ ಇಳಿಜಾರಾಗಿ ಕೆತ್ತಿದ ಮರದ್ದಾಗಿರಲಿ. ಒಂದು ತುದಿಗೆ ಮಾತ್ರ ರಟ್ಟಿನ ತುಂಡು ಇಟ್ಟು ಬಿಗಿದರೆ ನಡುವೆ ಖಾಲಿ ಉಳಿದು, ವರ್ಷಗಳಲ್ಲಿ ನೆಕ್ಕಿನ ತುದಿ ಮೇಲಕ್ಕೆ ಬಾಗುವ ಸಾಧ್ಯತೆ ಇದೆ.

ನೆಕ್ ಬಾಡಿಯೊಳಗೆ ಪೂರ್ತಿ ಹಾದುಹೋಗುವ ರಚನೆಯಾದರೆ ಈ ತಿದ್ದುಪಡಿಗೆ ಅವಕಾಶವೇ ಇಲ್ಲ, ಅಂಟು ಹಾಕಿದ ದಿನದ ಕೋನವೇ ಕೊನೆಯವರೆಗೆ. ಅಂಥ ಬಾಸಿಗೆ ಬ್ರಿಜ್ ಕೈಯಲ್ಲಿಲ್ಲದೆ ಕೆಲಸ ಶುರು ಮಾಡಲೇಬಾರದು. ಇನ್ನೊಂದು ಸಣ್ಣ ವಿಷಯ: ಫಿಂಗರ್‌ಬೋರ್ಡಿನ ಉಬ್ಬು 12 ಇಂಚು ತ್ರಿಜ್ಯದ್ದಾದರೆ ನಡುವಿನ ಎರಡು ತಂತಿಗಳಿಗಿಂತ ಹೊರ ತಂತಿಗಳ ಸ್ಯಾಡಲ್ ಸುಮಾರು 1.2 ಮಿ.ಮೀ. ಕೆಳಗಿರಬೇಕು. ಅತಿ ಕೆಳಗಿಳಿಯುವ ಸ್ಯಾಡಲ್ ಯಾವಾಗಲೂ ಜಿ ತಂತಿಯದೇ. ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ.

ಮೂರನೆಯದು, ಸ್ಯಾಡಲ್ ಹಿಂದೆ ಮುಂದೆ ಓಡಾಡುವ ದೂರ. ತಂತಿ ದಪ್ಪವಾದಷ್ಟೂ ಬಿರುಸು ಹೆಚ್ಚು, ಒತ್ತಿ ಹಿಡಿದಾಗ ಶ್ರುತಿ ಏರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲ್ ಹಿಂದೆ ಹೋಗಬೇಕು. ಜಿ ತಂತಿಗೆ ಸ್ಕೇಲಿನ ಅಳತೆಗಿಂತ ಒಂದೆರಡು ಮಿ.ಮೀ. ಸಾಕು. ನಾಲ್ಕರಲ್ಲಿ ಅತಿ ದಪ್ಪದ ಇ ತಂತಿಗೆ ನಾಲ್ಕರಿಂದ ಆರು, ಐದನೆಯ ಬಿ ತಂತಿಗೆ ಆರರಿಂದ ಎಂಟು. 34 ಇಂಚಿನ ಸ್ಕೇಲಿನಲ್ಲಿ ಸ್ಯಾಡಲ್ 1 ಮಿ.ಮೀ. ಸರಿಸಿದರೆ 12ನೇ ಫ್ರೆಟ್ಟಿನ ಸ್ವರ 2 ಸೆಂಟ್ ಬದಲಾಗುತ್ತದೆ. ಒಂದು ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು. ಬ್ರಿಜ್ಜನ್ನೇ 8 ಮಿ.ಮೀ. ತಪ್ಪು ಜಾಗದಲ್ಲಿ ಕೂರಿಸಿ, ಸ್ಯಾಡಲ್ಲಿಗೆ ಅಷ್ಟು ಓಡಾಟ ಇಲ್ಲದಿದ್ದರೆ 16 ಸೆಂಟ್ ಅಪಸ್ವರ ಕಾಯಂ. ಕೀಬೋರ್ಡಿನ ಪಕ್ಕ ನಿಂತು ನುಡಿಸುವಾಗ ಅದು ಎಲ್ಲರ ಕಿವಿಗೂ ಬೀಳುತ್ತದೆ.

ಇದರಿಂದ ಬ್ರಿಜ್ ಕೂರಿಸುವ ವಿಧಾನ ಹೊರಡುತ್ತದೆ. ಜಿ ತಂತಿಯ ಸ್ಯಾಡಲ್ಲನ್ನು ಪೂರ್ತಿ ಮುಂದೆ ತಂದು, ಅಲ್ಲಿಂದ 3 ಮಿ.ಮೀ. ಹಿಂದಕ್ಕೆ ಸರಿಸಿ. ತಂತಿ ಏಳುವ ಆ ಗೆರೆ ನಟ್‌ನ ಒಳ ಅಂಚಿನಿಂದ ಸರಿಯಾಗಿ 863.6ಕ್ಕೆ ಬರಲಿ. ಉಳಿದ ಸ್ಯಾಡಲ್‌ಗಳೆಲ್ಲ ಹಿಂದೆಯೇ ಹೋಗುವುದರಿಂದ ಓಡಾಟ ಸಾಕಾಗುತ್ತದೆ. ನಟ್‌ನಿಂದ 12ನೇ ಫ್ರೆಟ್ಟಿಗೆ 431.8 ಬರುತ್ತದೆಯೇ ಎಂದು ಮೊದಲು ನೋಡಿ. ಫಿಂಗರ್‌ಬೋರ್ಡ್ ಬೇರೆ ಸ್ಕೇಲಿನದ್ದಾಗಿದ್ದರೆ ಆಗಲೇ ಗೊತ್ತಾಗುತ್ತದೆ.

ಆಮೇಲೆ ಹೊಲಿಗೆಯ ಕಪ್ಪು ದಾರ. ನಟ್‌ನ ಎರಡು ಹೊರ ತೋಡುಗಳಿಂದ ಹೊರ ಸ್ಯಾಡಲ್‌ಗಳಿಗೆ ದಾರ ಎಳೆದು ಬಿಗಿಯಿರಿ. ಬ್ರಿಜ್ಜನ್ನು ಎರಡು ಮುಖದ ಟೇಪಿನಿಂದ ಹಿಡಿಸಿಟ್ಟಿರಬೇಕು, ಸ್ಕ್ರೂ ಇನ್ನೂ ಬೇಡ. ನೆಕ್ಕಿನ ಉದ್ದಕ್ಕೂ ಎರಡೂ ಅಂಚಿನಿಂದ ದಾರಕ್ಕೆ ಇರುವ ದೂರ ಒಂದೇ ಆಗುವ ತನಕ ಬ್ರಿಜ್ಜನ್ನು ಎಡಬಲಕ್ಕೆ ಸರಿಸಿ. ಬಾಡಿಯ ಮಧ್ಯರೇಖೆಯನ್ನು ನಂಬಿ ಗುರುತು ಹಾಕುವುದಕ್ಕಿಂತ ಇದು ಮೇಲು. ನೆಕ್ ಗೂಡಿನಲ್ಲಿ ಕೂದಲೆಳೆಯಷ್ಟು ಓರೆ ಕೂತಿದ್ದರೂ ದಾರ ಅದನ್ನು ತೋರಿಸುತ್ತದೆ, ಬಾಡಿಯ ಮಧ್ಯರೇಖೆ ತೋರಿಸುವುದಿಲ್ಲ. ಜಾಗ ಖಚಿತವಾದ ಮೇಲೆ ಪಂಚಿನಿಂದ ಗುರುತು. ಸಾಗುವಾನಿಯಲ್ಲಿ ಡ್ರಿಲ್ ಬಿಟ್ ಮರದ ಗೆರೆಯನ್ನು ಹಿಡಿದುಕೊಂಡು ಪಕ್ಕಕ್ಕೆ ಓಡುತ್ತದೆ, ಅದಕ್ಕೇ ಆಳವಾದ ಪಂಚ್ ಬೇಕು. 3.5 ಮಿ.ಮೀ. ಸ್ಕ್ರೂವಿಗೆ ಗಟ್ಟಿ ಮರದಲ್ಲಿ 2.8ರ ತೂತು, ಮೆದು ಮರದಲ್ಲಿ 2.3. ಬಣ್ಣ ಸಿಡಿಯದಂತೆ ಮೊದಲು ಬಿಟ್ಟನ್ನು ಉಲ್ಟಾ ತಿರುಗಿಸಿ ಬಣ್ಣದ ಪದರ ಕಳೆಯಿರಿ. ಸ್ಕ್ರೂವಿಗೆ ಮೇಣ ಹಚ್ಚಿ. ಸೋಪು ಹಚ್ಚುವ ರೂಢಿ ಇದೆ, ಅದು ತೇವ ಹೀರಿ ಸ್ಕ್ರೂವನ್ನು ತುಕ್ಕು ಹಿಡಿಸುತ್ತದೆ. ಐದು ಸ್ಕ್ರೂಗಳಲ್ಲಿ ಮೊದಲು ಎರಡನ್ನೇ ಹಾಕಿ, ಜಿ ಮತ್ತು ಇ ತಂತಿ ಏರಿಸಿ, ಶ್ರುತಿ ಮಾಡಿ, 12ನೇ ಫ್ರೆಟ್ಟಿನ ಹಾರ್ಮೋನಿಕ್ಕಿಗೂ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರಕ್ಕೂ) ಒತ್ತಿದ ಸ್ವರಕ್ಕೂ ತಾಳೆ ನೋಡಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ತಾಳೆಯಾದ ಮೇಲೆ ಉಳಿದ ಮೂರು ತೂತು. ಇ ತಂತಿಯ ಸ್ಯಾಡಲ್ ಹಿಂದೆ ಹೋಗಲಾರೆ ಎಂದು ನಿಂತರೆ ಅದರ ಹಿಂದಿನ ಸ್ಪ್ರಿಂಗ್ ಪೂರ್ತಿ ಅದುಮಿರುತ್ತದೆ. ಸ್ಪ್ರಿಂಗನ್ನು ಅರ್ಧ ಕತ್ತರಿಸಿದರೆ ಒಂದೆರಡು ಮಿ.ಮೀ. ಸಿಕ್ಕೀತು.

ಸ್ಕ್ರೂ ಕಿತ್ತು ಬರುತ್ತದೆಂಬ ಭಯ ಬಹಳ ಜನಕ್ಕೆ. 45-105ರ (ತಂತಿಯ ದಪ್ಪ, ಇಂಚಿನ ಸಾವಿರದಲ್ಲಿ ಒಂದು ಭಾಗದ ಲೆಕ್ಕದಲ್ಲಿ) ಸೆಟ್ಟಿನ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 80 ಕಿಲೋ. ಕೇಳಲು ದೊಡ್ಡದು. ಆದರೆ ಆ ಎಳೆತ ಬಾಡಿಗೆ ಸಮಾನಾಂತರ, ಮೇಲಕ್ಕಲ್ಲ. ಎಳೆತ 14 ಮಿ.ಮೀ. ಎತ್ತರದಲ್ಲಿ, ಹಿಂದಿನ ಸಾಲಿನ ಸ್ಕ್ರೂಗಳು ತಟ್ಟೆಯ ಮುಂದಿನ ಅಂಚಿನಿಂದ 60 ಮಿ.ಮೀ. ದೂರದಲ್ಲಿ. 80ನ್ನು 14ರಿಂದ ಗುಣಿಸಿ 60ರಿಂದ ಭಾಗಿಸಿದರೆ ಆ ಸಾಲನ್ನು ಮೇಲಕ್ಕೆ ಎಬ್ಬಿಸುವ ಬಲ 19 ಕಿಲೋದ ಆಸುಪಾಸು, ಅದೂ ಐದು ಸ್ಕ್ರೂಗಳಿಗೆ ಹಂಚಿ. ಸಾಗುವಾನಿ, ಬೇವು, ಹಲಸು ಯಾವುದಾದರೂ ಇದನ್ನು ತಡೆಯುತ್ತದೆ. ಕಿನ್ನಾಳದ ಗೊಂಬೆಗೆ ಒಪ್ಪುವಂಥ ಹಗುರ, ಮೆದು ಮರದಲ್ಲಿ ಬಾಡಿ ಮಾಡಿಸುವ ಆಸೆ ಇದ್ದರೆ ಮಾತ್ರ ಬ್ರಿಜ್ಜಿನ ಕೆಳಗೆ ಗಟ್ಟಿ ಮರದ ಪಟ್ಟಿಯೊಂದನ್ನು ಒಳಗೇ ಕೂರಿಸಿ ಅಂಟಿಸಬೇಕು. ಕಿತ್ತುಹೋದ ತೂತಿಗೆ ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ. ತೂತನ್ನು 8 ಮಿ.ಮೀ.ಗೆ ಹಿಗ್ಗಿಸಿ, ಗಟ್ಟಿ ಮರದ ಬೆಣೆ ಅಂಟಿಸಿ, ಒಣಗಿದ ಮೇಲೆ ಹೊಸ ತೂತು ಹಾಕುವುದೇ ಸರಿ.

ಇನ್ನು ಎಲ್ಲರೂ ಮೊದಲು ಕೇಳುವ ಪ್ರಶ್ನೆ: ಭಾರದ ಬ್ರಿಜ್ ಹಾಕಿದರೆ ನಾದ ಹೆಚ್ಚುತ್ತದೆಯೇ? ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗ ಅದರ ಬ್ರಿಜ್ ಬಗ್ಗಿಸಿದ ತಗಡು, ಎರಡೇ ಸ್ಯಾಡಲ್, ಎರಡೆರಡು ತಂತಿಗೆ ಒಂದು. 1957ರ ಹೊಸ ವಿನ್ಯಾಸದಲ್ಲಿ ತಂತಿಗೊಂದರಂತೆ ನಾಲ್ಕಾಯಿತು. ಆ ಬಗ್ಗಿಸಿದ ತಗಡು ಇವತ್ತಿಗೂ ಕೆಲಸ ಮಾಡುತ್ತಿದೆ. ನಂತರ ಬಂದದ್ದು ಬ್ಯಾಡಾಸ್ ಮಾದರಿಯ ಎರಕದ ದಪ್ಪ ಬ್ರಿಜ್ಜು, ಅದರ ಬೆನ್ನಿಗೆ ಹಿಪ್‌ಶಾಟ್, ಗೋಟೋ, ಶಾಲರ್ ಮುಂತಾದವರ ಹತ್ತಾರು ಬಗೆ. ಭಾರ ಹೆಚ್ಚಿದಂತೆ ಮೀಟಿನ ಮೊದಲ ಕ್ಷಣ ತುಸು ಬಿಗಿಯಾಗುತ್ತದೆ, ಸ್ವರ ತುಸು ಹೊತ್ತು ನಿಲ್ಲುತ್ತದೆ. ವ್ಯತ್ಯಾಸ ಇದೆ, ಆದರೆ ಸಣ್ಣದು. ಆರು ತಿಂಗಳ ಹಳೇ ತಂತಿ ಬಿಚ್ಚಿ ಹೊಸದು ಹಾಕಿದಾಗ ಆಗುವ ಬದಲಾವಣೆಯ ಮುಂದೆ ಅದು ಕೇಳಿಸುವುದೇ ಇಲ್ಲ. ಪಿಕಪ್ಪನ್ನು ಒಂದು ಬೆರಳಿನಗಲ ಬ್ರಿಜ್ಜಿನ ಕಡೆ ಸರಿಸಿದರೆ ಬದಲಾಗುವಷ್ಟು ಸ್ವರ ಅರ್ಧ ಕಿಲೋ ಹಿತ್ತಾಳೆಯಿಂದ ಬದಲಾಗುವುದಿಲ್ಲ.

ಭಾರ ನಿಜವಾಗಿ ಮುಖ್ಯವಾಗುವುದು ಹೆಗಲಿಗೆ. 45 ಮಿ.ಮೀ. ದಪ್ಪದ ಸಾಗುವಾನಿ ಬಾಡಿಯೊಂದೇ ಮೂರೂವರೆ ಕಿಲೋ ಮುಟ್ಟಬಹುದು. ನೆಕ್, ತಂತಿ ಬಿಗಿಯುವ ಟ್ಯೂನರ್ ಸೇರಿದರೆ ವಾದ್ಯ ಐದು ಕಿಲೋ ದಾಟುತ್ತದೆ. ನೆಕ್ ಕೆಳಕ್ಕೆ ವಾಲುತ್ತದೆಂದು ಹಿಂದೆ ಭಾರದ ಬ್ರಿಜ್ ಹಾಕುವ ಸಲಹೆ ಸಿಗುತ್ತದೆ. ತಕ್ಕಡಿಯ ಲೆಕ್ಕ ಮಾಡಿ ನೋಡಿ. ಹೆಗಲ ಪಟ್ಟಿ ಸಿಕ್ಕಿಸುವ ಮೇಲಿನ ಗುಂಡಿ 12ನೇ ಫ್ರೆಟ್ಟಿನ ಮೇಲೆ ಬರುವ ಬಾಸಿನಲ್ಲಿ ಅಲ್ಲಿಂದ ಬ್ರಿಜ್ಜಿಗೆ ಸುಮಾರು 430 ಮಿ.ಮೀ., ಟ್ಯೂನರ್‌ಗಳ ನಡುವಿಗೆ ಸುಮಾರು 540. ಬ್ರಿಜ್ಜಿಗೆ 200 ಗ್ರಾಂ ಸೇರಿಸುವುದೂ ಒಂದೇ, ಟ್ಯೂನರ್‌ಗಳಲ್ಲಿ ಒಟ್ಟು 160 ಗ್ರಾಂ ಕಳೆಯುವುದೂ ಒಂದೇ. ಸಮತೋಲ ಎರಡರಲ್ಲೂ ಅಷ್ಟೇ, ಆದರೆ ಹೆಗಲ ಮೇಲೆ 360 ಗ್ರಾಮಿನ ಅಂತರ. ಹಗುರ ಟ್ಯೂನರ್ ಕೊಳ್ಳಿ, ಬ್ರಿಜ್ಜನ್ನು ಭಾರಕ್ಕಾಗಿ ಆರಿಸಬೇಡಿ.

ಹಾಗಂತ ಲೋಹದ ವಿಚಾರ ಬಿಡುವಂತಿಲ್ಲ. ಹಿತ್ತಾಳೆ ಒಂದು ಘನ ಸೆಂಟಿಮೀಟರಿಗೆ ಸುಮಾರು 8.4 ಗ್ರಾಂ, ಉಕ್ಕು 7.85, ಸತುವಿನ ಎರಕ 6.7, ಅಲ್ಯೂಮಿನಿಯಂ 2.7. ಸತುವಿನ ಎರಕ ಕೆಟ್ಟದ್ದೇನಲ್ಲ, ಆದರೆ ಅದರಲ್ಲಿ ಕೊರೆದ ಮರೆ (ಸ್ಕ್ರೂ ಹಿಡಿಯುವ ಸುತ್ತುಗೆರೆ, ಥ್ರೆಡ್) ಬೇಗ ಸವೆಯುತ್ತದೆ, ಸ್ಯಾಡಲ್ಲಿನ ತೋಡಿನಲ್ಲಿ ಉಕ್ಕಿನ ತಂತಿ ಕುಳಿ ಮಾಡುತ್ತದೆ. ತಟ್ಟೆ ಯಾವುದಾದರೂ ಇರಲಿ, ಸ್ಯಾಡಲ್ ಮಾತ್ರ ಹಿತ್ತಾಳೆ ಅಥವಾ ಉಕ್ಕಿನದಿರಲಿ. ಬಳ್ಳಾರಿ, ರಾಯಚೂರಿನ ಮ್ಯೂಸಿಕ್ ಅಂಗಡಿಗಳಲ್ಲಿ ಬಾಸಿನ ಬ್ರಿಜ್ ಸುಲಭಕ್ಕೆ ಸಿಗುವ ಮಾಲಲ್ಲ, ಆನ್‌ಲೈನಿನಲ್ಲೋ ಬೆಂಗಳೂರು, ಹೈದರಾಬಾದಿನಿಂದಲೋ ತರಿಸಬೇಕು. ಹಿತ್ತಾಳೆ ಎಂದು ಬರೆದು ಸತು ಕಳಿಸುವುದು ಸಾಮಾನ್ಯ. ಅಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲ, ಕ್ರೋಮ್ ಲೇಪದ ಕೆಳಗೆ ಬಣ್ಣ ಕಾಣುವುದಿಲ್ಲ. ಅಕ್ಕಸಾಲಿಗರ ಅಂಗಡಿಯ ತಕ್ಕಡಿ ಇದ್ದರೆ ಸಾಕು. ನಾಲ್ಕು ಸ್ಯಾಡಲ್ ಬಿಚ್ಚಿ ಉಕ್ಕಿನ ಸ್ಕ್ರೂ ತೆಗೆದು ತೂಗಿ, 120 ಗ್ರಾಂ ಬಂತೆನ್ನಿ. ಈಗ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಸ್ಯಾಡಲ್‌ಗಳನ್ನು ದಾರದಲ್ಲಿ ಕಟ್ಟಿ ತಳಕ್ಕೆ, ಪಕ್ಕಕ್ಕೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 14ರ ಸುತ್ತ ತೋರಿಸಿದರೆ ಹಿತ್ತಾಳೆ, 18ರ ಸುತ್ತ ತೋರಿಸಿದರೆ ಸತು.

ಸ್ಯಾಡಲ್ ಬೇಕಾದರೆ ನಮ್ಮ ಊರುಗಳಲ್ಲೇ ಮಾಡಿಸಬಹುದು. ಗಣಿ, ಉಕ್ಕಿನ ಕಾರ್ಖಾನೆ, ರೈಸ್ ಮಿಲ್ಲುಗಳಿಂದಾಗಿ ಬಳ್ಳಾರಿ, ತೋರಣಗಲ್ಲು, ಗಂಗಾವತಿ, ರಾಯಚೂರು ಎಲ್ಲೆಡೆ ಒಳ್ಳೆಯ ಲೇತ್ ಕೆಲಸಗಾರರಿದ್ದಾರೆ. 10 ಮಿ.ಮೀ. ಹಿತ್ತಾಳೆ ಸರಳು, 18 ಮಿ.ಮೀ. ಉದ್ದದ ನಾಲ್ಕು ತುಂಡು, ನಡುವೆ ಹಿಂದಿನಿಂದ ಎಂ3 (3 ಮಿ.ಮೀ. ಸ್ಕ್ರೂವಿನ) ಮರೆ, ಎರಡು ತುದಿಗೆ ಮೇಲಿನಿಂದ ಎಂ3 ಮರೆ. 19 ಮಿ.ಮೀ. ಅಂತರಕ್ಕೆ 18ರ ತುಂಡು ಯಾಕೆಂದರೆ ಪಕ್ಕದ ಸ್ಯಾಡಲ್‌ಗಳ ನಡುವೆ 1 ಮಿ.ಮೀ. ಸಂದು ಉಳಿಯಬೇಕು. ತಂತಿಯ ತೋಡನ್ನು ಕೊನೆಯಲ್ಲಿ ಸಣ್ಣ ದುಂಡು ಅರದಿಂದ ಕೈಯಲ್ಲೇ ಮಾಡಿ. ಆಳ ತಂತಿಯ ದಪ್ಪದ ಅರ್ಧ, ಅಂದರೆ 2.67 ಮಿ.ಮೀ. ದಪ್ಪದ ಇ ತಂತಿಗೆ 1.3 ಸಾಕು. ಇಳಿಜಾರು ಹಿಂಭಾಗಕ್ಕೆ, ಎತ್ತರದ ಅಂಚು ನೆಕ್ಕಿನ ಕಡೆಗೆ.

ತಂತಿಯನ್ನು ಬಾಡಿಯ ಹಿಂಬದಿಯಿಂದ ತೂರಿಸಿ ತರುವ ಬಗೆಯ ಬಗ್ಗೆ ಎರಡು ಮಾತು. ಸ್ಯಾಡಲ್ಲಿನ ಮೇಲೆ ತಂತಿ ಹೆಚ್ಚು ಕಡಿದಾಗಿ ಬಾಗುವುದರಿಂದ ಒತ್ತಡ ಹೆಚ್ಚು, ಅದು ಅನುಕೂಲ. ಆದರೆ 45 ಮಿ.ಮೀ. ಆಳದ ತೂತು ಕೈ ಡ್ರಿಲ್ಲಿನಲ್ಲಿ ನೆಟ್ಟಗೆ ಬರುವುದಿಲ್ಲ, ಹಿಂದೆ ನಾಲ್ಕು ತೂತೂ ನಾಲ್ಕು ದಿಕ್ಕಿಗಿರುತ್ತವೆ. ನಿಲುವು ಡ್ರಿಲ್ ಯಂತ್ರ ಬೇಕು. ತಂತಿಯೂ ಅಷ್ಟೇ ಉದ್ದ ಹೆಚ್ಚು ಬೇಕು. ಸಾಲದಿದ್ದರೆ ದಪ್ಪ ಸುತ್ತು ನಟ್ ಮುಟ್ಟುವ ಮೊದಲೇ ಮುಗಿದು ಸಣ್ಣಗಾದ ಭಾಗ ನಟ್ ಮೇಲೆ ಕೂರುತ್ತದೆ. ಹಿಂದಿನ ಅಂಚಿನಲ್ಲೇ ತಂತಿ ಸಿಕ್ಕಿಸುವ ಬ್ರಿಜ್ ಸಾಕು ಎಂಬುದು ನಮ್ಮ ಅನಿಸಿಕೆ. ತಂತಿಗೊಂದು ಬಿಡಿ ಬ್ರಿಜ್ ಹಾಕುವ ಪದ್ಧತಿ ಓರೆ ಫ್ರೆಟ್ಟಿನ, ತಂತಿಗೊಂದೊಂದು ಸ್ಕೇಲಿನ ಬಾಸಿಗೆ ಅನುಕೂಲ. ಉಳಿದವರಿಗೆ ಅದು ನಾಲ್ಕು ಪಟ್ಟು ಅಳತೆಯ ಕೆಲಸ.

ನಮ್ಮ ಹವೆಯ ವಿಷಯ. ರಾಯಚೂರಿನ ಮೇ ತಿಂಗಳಲ್ಲಿ 42 ಡಿಗ್ರಿ, ಕೈ ಬೆವರು, ಅದರ ಮೇಲೆ ಕೆಂಪು ಧೂಳು. ಬೆವರು ಸಣ್ಣ ಗ್ರಬ್ ಸ್ಕ್ರೂಗಳನ್ನು ಒಂದೇ ಬೇಸಿಗೆಯಲ್ಲಿ ತುಕ್ಕಿನಿಂದ ಹಿಡಿಸಿಬಿಡುತ್ತದೆ. ಬ್ರಿಜ್ ಬಂದ ದಿನವೇ ಅವನ್ನು ತೆಗೆದು ಸ್ಟೇನ್‌ಲೆಸ್ ಉಕ್ಕಿನ ಎಂ3 ಸ್ಕ್ರೂ ಹಾಕಿ, ಒಂದೊಂದು ಹನಿ ಮಷಿನ್ ಎಣ್ಣೆ ಬಿಡಿ. ಎಂ3ಗೆ 1.5 ಮಿ.ಮೀ.ನ ಆರು ಮೂಲೆಯ ಅಲನ್ ಕೀ. ಅಮೆರಿಕದ ಇಂಚಿನ ಅಳತೆಯ ಬ್ರಿಜ್ಜಾದರೆ ಹದಿನಾರನೇ ಒಂದು ಇಂಚಿನ ಕೀ, ಅಂದರೆ 1.59. ಅದರಲ್ಲಿ 1.5ರ ಕೀ ಹೋಗುತ್ತದೆ, ತಿರುಗಿಸಿದರೆ ಮೂಲೆ ಉರುಟಾಗಿ ಸ್ಕ್ರೂ ಸತ್ತುಹೋಗುತ್ತದೆ. ಸದ್ದು ಮಾಡುವ ಸ್ಕ್ರೂವಿನ ಮರೆಗೆ ಒಂದು ಹನಿ ಉಗುರು ಬಣ್ಣ ಸಾಕು. ಒಣ ಬೇಸಿಗೆಯಿಂದ ಮಳೆಗಾಲಕ್ಕೆ ಮರ ಬದಲಾಗುತ್ತದೆ, ತಂತಿಯ ಎತ್ತರವೂ ಬದಲಾಗುತ್ತದೆ. ಆಗ ನೇರ ಸ್ಯಾಡಲ್ಲಿಗೆ ಕೈ ಹಾಕಬೇಡಿ. ಮೊದಲು ನೆಕ್ಕಿನ ಬಾಗು ತಿದ್ದುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್, 7ನೇ ಫ್ರೆಟ್ಟಿನ ಬಳಿ 0.3 ಮಿ.ಮೀ. ಬಾಗು ಉಳಿಯುವಂತೆ. ಆಮೇಲೆ ಸ್ಯಾಡಲ್ಲಿನ ಎತ್ತರ, ಕೊನೆಗೆ ಹಿಂದೆ ಮುಂದೆ. ಕಾರಿನ ಬಣ್ಣದವರಿಂದ ಬಾಡಿಗೆ ಬಣ್ಣ ಹೊಡೆಸಿದ್ದರೆ ಮೇಲೆ ಒಣಗಿ ಒಳಗೆ ಮೆತ್ತಗಿರುತ್ತದೆ. ಕನಿಷ್ಠ ಮೂರು ವಾರ ಒಣಗಲು ಬಿಡದೆ ಬ್ರಿಜ್ ಬಿಗಿದರೆ ತಟ್ಟೆ ಬಣ್ಣದೊಳಗೆ ಇಳಿದು ಅಂಟುತ್ತದೆ.

ಕೊನೆಯದು ಅರ್ಥ್ ವೈರು, ಇದನ್ನು ಮರೆತು ಬ್ರಿಜ್ ಬಿಗಿದವರು ಮತ್ತೆ ಬಿಚ್ಚಲೇಬೇಕು. ಸದ್ದು ಹೆಚ್ಚು ಕಡಿಮೆ ಮಾಡುವ ಪಾಟ್, ವೈರುಗಳಿರುವ ಕಂಟ್ರೋಲ್ ಗೂಡಿನಿಂದ ಬ್ರಿಜ್ಜಿನ ಕೆಳಗೆ ಬರುವಂತೆ 3 ಮಿ.ಮೀ. ಓರೆ ತೂತು, ಅದರಲ್ಲಿ ವೈರು, ತುದಿಯ 20 ಮಿ.ಮೀ. ತಾಮ್ರ ಬಿಡಿಸಿ ಬೀಸಣಿಗೆಯಂತೆ ಹರಡಿ ತಟ್ಟೆಯ ಕೆಳಗೆ. ಇನ್ನೊಂದು ತುದಿಗೆ ವಾಲ್ಯೂಮ್ ಪಾಟ್‌ನ ಬೆನ್ನಿನ ಮೇಲೆ ಬೆಸುಗೆ. ಕಪ್ಪು ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಬ್ರಿಜ್ಜಿನ ಹೊರಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಬಿಡಿ ಬ್ರಿಜ್‌ಗಳಾದರೆ ಪ್ರತಿಯೊಂದರ ಕೆಳಗೂ ತಾಮ್ರದ ಪಟ್ಟಿ ಹಾಯಬೇಕು. ಆನೋಡೈಸ್ ಬ್ರಿಜ್ಜಿನಲ್ಲಿ ವೈರು ತಾಗುವ ಜಾಗವನ್ನು ಕೆರೆದು ಲೋಹ ಬಿಡಿಸಿ. ಮಲ್ಟಿಮೀಟರ್‌ನಲ್ಲಿ ಒಂದೊಂದು ತಂತಿಗೂ ಜ್ಯಾಕಿನ ಹೊರ ಕವಚಕ್ಕೂ 1 ಓಮ್‌ಗಿಂತ ಕಡಿಮೆ ಬರಬೇಕು.

ಈ ವೈರು ಗುಂಯ್ ಸದ್ದನ್ನು ಕಳೆಯುತ್ತದೆ, ಜತೆಗೆ ನಿಮ್ಮ ಕೈಯನ್ನು ಆಂಪ್ಲಿಫೈಯರ್‌ನ ಅರ್ಥಿಗೆ ನೇರ ಜೋಡಿಸುತ್ತದೆ. ಗವಿಮಠದ ಜಾತ್ರೆಯಷ್ಟು ದೊಡ್ಡದಿರಲಿ, ಹಳ್ಳಿಯ ತೇರಿನ ಪೆಂಡಾಲಿರಲಿ, ಜನರೇಟರ್‌ನಿಂದ ಎಳೆದ ಬೋರ್ಡಿನಲ್ಲಿ ಮೂರನೇ ಪಿನ್ನಿಗೆ ಅರ್ಥ್ ಇಲ್ಲದಿರುವುದು ಉಂಟು. ಆಂಪಿನಲ್ಲಿ ಸೋರಿಕೆ ಇದ್ದರೆ ತಂತಿಗೇ ಕರೆಂಟು ಬಂದು, ತುಟಿ ಮೈಕಿಗೆ ತಾಗಿದ ಕ್ಷಣ ಹೊಡೆಯುತ್ತದೆ. ಪೆಂಡಾಲಿಗೆ ಹೋಗುವಾಗ ಚೀಲದಲ್ಲಿ ತಂತಿಯ ಸೆಟ್ಟು, ಅಲನ್ ಕೀ ಜತೆಗೆ, ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದ ಎಕ್ಸ್‌ಟೆನ್ಶನ್ ಬೋರ್ಡೂ ಒಂದಿರಲಿ. ನುಡಿಸುವ ಮುಂಚೆ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ರಿಜ್ಜಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ಎಸಿ ವೋಲ್ಟ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಿಪ್ಪತ್ತು ತೋರಿಸಿದರೂ ಲೈಟಿನವರನ್ನು ಕರೆದು ಅರ್ಥ್ ಸರಿ ಮಾಡಿಸುವ ತನಕ ಬಾಸ್ ಮುಟ್ಟಬೇಡಿ.